ಓವನ್ ಇಲ್ಲದ ಮನೆಗೆ ತಂಪು ಸಿಹಿ: ಚೀಸ್‌ಕೇಕೋ, ಚಕ್ಕಾವೋ, ಪುಡ್ಡಿಂಗೋ?

ಮಾರ್ಚ್ ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ವೈನಿ, ಮಗನ ಹುಟ್ಟಿದ ಹಬ್ಬ ಅದ. ಮನ್ಯಾಗ ಓವನ್ ಇಲ್ಲ. ಚೀಸ್‌ಕೇಕ್ ಮಾಡ್ಲಿಕ್ಕೆ ಬರ್ತದೇನ್ರಿ?" ಇದು ನಮ್ಮ ಓಣಿಯವರು. "ಅಕ್ಕಾರ, ಕ್ರೀಮ್ ಚೀಸ್ ಭಾಳ ತುಟ್ಟಿ ಆತ್ರಿ, ಬ್ಯಾರೆ ಏನರ ಹೇಳ್ರಿ." ಇದು ಗದಗಿನಿಂದ. "ಇಪ್ಪತ್ತು ಮಂದಿ ಬರೋರದಾರ, ಫ್ರಿಜ್ ನೋಡಿದ್ರ ಸಣ್ಣದು." ಇದು ಹಾವೇರಿಯ ನಮ್ಮ ಸೋದರತ್ತೆಯ ಸೊಸೆ. ಇನ್ನೊಬ್ಬ ಹುಡುಗಿ ಹುಬ್ಬಳ್ಳಿಯಲ್ಲಿ ಮಾಡಿ ಧಾರವಾಡದ ತವರುಮನೆಗೆ ಒಯ್ಯಬೇಕು, ಅದೂ ಬಸ್ಸಿನಲ್ಲಿ.

ನಾಲ್ವರಿಗೂ ನಾನು ಒಂದೇ ಉತ್ತರ ಹೇಳಲಿಲ್ಲ. ಮೊಬೈಲಿನಲ್ಲಿ ಚಂದ ಕಂಡ ಚಿತ್ರ ನೋಡಿ ಆರಿಸಿದರೆ ಸಾಮಾನು ಹಾಳು, ದುಡ್ಡೂ ಹಾಳು. ನಮ್ಮ ಊರಿನ ಬಿಸಿಲು, ನಮ್ಮ ಹಾಲು, ನಮ್ಮ ಮನೆಯ ಫ್ರಿಜ್ ನೋಡಿ ಆರಿಸಬೇಕು. ಹಾಗೆ ಆರಿಸುವುದು ಹೇಗೆ ಅಂತ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಇಷ್ಟು ಕೇಳಿಕೊಳ್ಳಿ

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಕತ್ತರಿಸಿ ತುಂಡು ಮಾಡಿ ಕೊಡಬೇಕೋ, ವಾಟಿಯಲ್ಲಿ ಹಾಕಿ ಚಮಚ ಕೊಡಬೇಕೋ? ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ. ಆದರೆ ಈ ಸಿಹಿಗಳಲ್ಲಿ ಅರ್ಧ ತೊಂದರೆ ಬರುವುದೇ ಕತ್ತರಿಸುವಲ್ಲಿ. ತುಂಡು ನೆಟ್ಟಗೆ ನಿಲ್ಲಬೇಕು ಅಂದರೆ ಗಟ್ಟಿ ಕೊಬ್ಬು ಬೇಕು, ಇಲ್ಲವೇ ಹಿಡಿದು ನಿಲ್ಲಿಸುವ ಪದಾರ್ಥ ಬೇಕು, ಜೊತೆಗೆ ಆರೇಳು ತಾಸು ಫ್ರಿಜ್ ಬೇಕು. ಅದೇ ಮಿಶ್ರಣವನ್ನು ಗ್ಲಾಸಿಗೆ ಹಾಕಿದರೆ ಎರಡು ತಾಸು ಸಾಕು. ಸ್ವಲ್ಪ ಮೆತ್ತಗಾದರೂ ರುಚಿಗೆ ಏನೂ ಆಗುವುದಿಲ್ಲ. ಹುಟ್ಟಿದ ಹಬ್ಬಕ್ಕೆ ಮೇಣದಬತ್ತಿ ಹಚ್ಚಿ ಕತ್ತರಿಸಲೇಬೇಕು ಅಂದರೆ ಸರಿ. ಸುಮ್ನೆ ಊಟದ ಮೇಲೆ ತಿನ್ನಲು ಅಂದರೆ ಗ್ಲಾಸೇ ಒಳ್ಳೆಯದು.

ಎರಡನೆಯದು ಬಿಸಿಲು ಮತ್ತು ಕರೆಂಟು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನ 36-37 ಡಿಗ್ರಿ ಇರುತ್ತದೆ. ಬೆಣ್ಣೆ ಕರಗಲು ಅಷ್ಟು ಸಾಕು. ಚಳಿ ದೇಶದವರು ಬರೆದ ರೆಸಿಪಿಯಲ್ಲಿ "ಹೊರಗೆ ಅರ್ಧ ತಾಸು ಇಟ್ಟು ಬಡಿಸಿ" ಅಂತ ಇರುತ್ತದೆ. ನಮ್ಮಲ್ಲಿ ಅರ್ಧ ತಾಸಿಗೆ ಅದು ಪಾಯಸ ಆಗಿರುತ್ತದೆ.

ಮೂರನೆಯದು ತಿನ್ನುವವರು ಯಾರು ಅನ್ನುವುದು. ಶಾಖಾಹಾರಿ ಮನೆ ಆದರೆ ಜೆಲಾಟಿನ್ ನಡೆಯುವುದಿಲ್ಲ, ಅದು ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದದ್ದು. ಹಿರಿಯರಿಗೆ ಸಕ್ಕರೆ ಕಡಿಮೆ ಇರಬೇಕಾ? ಸಣ್ಣ ಮಕ್ಕಳು ಹುಳಿ ತಿನ್ನುತ್ತಾರಾ? ಆಮೇಲೆ ದುಡ್ಡು, ಕೊನೆಗೆ ನಿಮ್ಮ ಕೈಯಲ್ಲಿರುವ ಹೊತ್ತು. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಕ್ರೀಮ್ ಚೀಸಿನ ಚೀಸ್‌ಕೇಕ್

ಅಂಗಡಿಯಲ್ಲಿ ತಿಂದು ಮೆಚ್ಚಿದ ರುಚಿಯೇ ಬೇಕು ಅಂದರೆ ಇದೇ. ಬಿಸ್ಕತ್ತಿನ ಪುಡಿಗೆ ಬೆಣ್ಣೆ ಕಲಸಿ ತಳ ಒತ್ತುವುದು, ಮೇಲೆ ಕ್ರೀಮ್ ಚೀಸ್, ನೊರೆ ಬರಿಸಿದ ಕ್ರೀಮು, ಸಕ್ಕರೆ ಪುಡಿ, ನಿಂಬೆರಸ. ಒಲೆ ಹಚ್ಚುವ ಕೆಲಸವೇ ಇಲ್ಲ. ಇದು ನಿಲ್ಲುವುದು ತಂಪಿಗೆ ಗಟ್ಟಿಯಾದ ಕೊಬ್ಬಿನ ಬಲದ ಮೇಲೆ. ಅದಕ್ಕೇ ಬಾಯಲ್ಲಿ ಇಟ್ಟ ಕೂಡಲೇ ಕರಗುತ್ತದೆ. ಫ್ರಿಜ್‌ನಿಂದ ತೆಗೆದು ಮೇಜಿನ ಮೇಲೆ ಇಟ್ಟರೂ ಅದೇ ಗುಣದಿಂದ ಬೇಗ ಸಡಿಲಾಗುತ್ತದೆ.

ಖರ್ಚು ಜಾಸ್ತಿ. ನಮ್ಮ ದೇಶದ ಕಂಪನಿಗಳ ಕ್ರೀಮ್ ಚೀಸಿಗೇ ಗ್ರಾಂಗೆ ಹೆಚ್ಚುಕಡಿಮೆ ಒಂದು ರೂಪಾಯಿ ಬೀಳುತ್ತದೆ. ಹೊರದೇಶದ್ದು ಇನ್ನೂ ತುಟ್ಟಿ. ಏಳು ಇಂಚಿನ ಟಿನ್ನಿಗೆ 300 ಗ್ರಾಂ ಬೇಕು. ಕ್ರೀಮು, ಬೆಣ್ಣೆ, ಬಿಸ್ಕತ್ತು ಬೇರೆ. ಕೊಳ್ಳುವಾಗ ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದಿ. ಬ್ರೆಡ್ಡಿಗೆ ಹಚ್ಚುವ ಚೀಸ್ ಸ್ಪ್ರೆಡ್ ಬೇರೆ, ಕ್ರೀಮ್ ಚೀಸ್ ಬೇರೆ. ಸ್ಪ್ರೆಡ್ಡಿನಲ್ಲಿ ಉಪ್ಪು ಇರುತ್ತದೆ, ಎಷ್ಟು ಸಕ್ಕರೆ ಸುರಿದರೂ ಆ ಉಪ್ಪು ಹೋಗುವುದಿಲ್ಲ.

ಇದರಲ್ಲಿ ಎಲ್ಲರೂ ಎಡವುವುದು ಕ್ರೀಮು ಕಡೆಯುವಲ್ಲಿ. ಮೊದಲನೇ ವಿಷಯ, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು ಶೇಕಡಾ 25. ಅದು ನೊರೆಯಾಗಿ ನಿಲ್ಲುವುದಿಲ್ಲ, ಎಷ್ಟು ಹೊತ್ತು ಕಡೆದರೂ ಅಷ್ಟೇ. ನಿಲ್ಲಬೇಕು ಅಂದರೆ 30ರ ಮೇಲೆ ಇರಬೇಕು, ಪ್ಯಾಕೆಟ್ ಮೇಲೆ ವಿಪ್ಪಿಂಗ್ ಕ್ರೀಮ್ ಅಂತ ಇರುತ್ತದೆ. ಎರಡನೆಯದು ಬಿಸಿ. ಒಂದು ಏಪ್ರಿಲ್ ಮಧ್ಯಾಹ್ನ ನಾನು ಅಡುಗೆಮನೆಯಲ್ಲೇ ನಿಂತು ಕಡೆಯುತ್ತಿದ್ದೆ. ಮೊದಲು ಚಂದ ಉಬ್ಬಿತು. ಇನ್ನೊಂದು ನಿಮಿಷ ಅಂತ ಬೀಟರ್ ಬಿಡಲಿಲ್ಲ. ನೋಡುತ್ತಾ ನೋಡುತ್ತಾ ಬಿಳಿ ಕ್ರೀಮು ಹಳದಿ ಛಾಯೆಗೆ ತಿರುಗಿತು, ಅಂಚಿನಲ್ಲಿ ಕಾಳು ಕಾಳಾಯಿತು, ಬೋಗುಣಿಯ ತಳದಲ್ಲಿ ನೀರು ಬಿಟ್ಟಿತು. ಬೆಣ್ಣೆ ಬಂದುಬಿಟ್ಟಿತ್ತು. ಆ ಮೇಲೆ ಏನು ಮಾಡಿದರೂ ಅದು ಹಿಂದಕ್ಕೆ ಕ್ರೀಮಾಗುವುದಿಲ್ಲ. ಈಗ ನಾನು ಬೋಗುಣಿ ಮತ್ತು ಬೀಟರಿನ ಕಡ್ಡಿಗಳನ್ನು ಅರ್ಧ ತಾಸು ಫ್ರೀಜರಿನಲ್ಲಿ ಇಡುತ್ತೇನೆ. ಐಸ್ ಹಾಕಿದ ಪರಾತದ ಮೇಲೆ ಬೋಗುಣಿ ಇಟ್ಟು, ಬೆಳಿಗ್ಗೆ ಏಳರ ಒಳಗೆ ಕಡೆದು ಮುಗಿಸುತ್ತೇನೆ. ಬೀಟರ್ ಎತ್ತಿದಾಗ ತುದಿ ಸ್ವಲ್ಪ ಬಾಗಿ ನಿಂತರೆ ಸಾಕು, ಅಲ್ಲಿಗೆ ನಿಲ್ಲಿಸಿಬಿಡಿ.

ಯಾರಿಗೆ ಹೊಂದುತ್ತದೆ? ಆರೆಂಟು ಮಂದಿ, ದೊಡ್ಡ ಫ್ರಿಜ್, ನವೆಂಬರ್‌ನಿಂದ ಫೆಬ್ರವರಿ ಒಳಗಿನ ಕಾರ್ಯಕ್ರಮ, ದುಡ್ಡಿನ ಚಿಂತೆ ಇಲ್ಲ, ಇಷ್ಟು ಇದ್ದರೆ ಕಣ್ಣು ಮುಚ್ಚಿ ಮಾಡಿ. ಚಳಿಗಾಲದಲ್ಲಿ ಇದಕ್ಕೆ ಸಾಟಿ ಇಲ್ಲ.

ಚಕ್ಕಾದ ಚೀಸ್‌ಕೇಕ್

ನಮ್ಮ ಕಡೆ ಶ್ರೀಖಂಡ-ಪೂರಿ ಮಾಡದ ಮನೆ ಕಡಿಮೆ. ಶ್ರೀಖಂಡಕ್ಕೆ ಮೊಸರು ಕಟ್ಟುವುದು ನಮ್ಮ ಕೈಗೆ ಗೊತ್ತಿರುವ ಕೆಲಸ. ಹಾಗೆ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರೇ ಚಕ್ಕಾ, ಅದು ಕ್ರೀಮ್ ಚೀಸಿನ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಕಾರಣ ಇದೆ. ಕ್ರೀಮ್ ಚೀಸಿನ ರುಚಿ ಅಂದರೆ ಕೆನೆ ಮತ್ತು ಮೆಲುವಾದ ಹುಳಿ. ಅದರಲ್ಲೂ ಹಾಲಿಗೆ ಹೆಪ್ಪು ಹಾಕಿ ಹುಳಿ ಬರಿಸಿ ನೀರು ತೆಗೆದಿರುತ್ತಾರೆ. ಚಕ್ಕಾದಲ್ಲಿ ಆಗುವುದೂ ಅದೇ. ಕೊಬ್ಬು ಮಾತ್ರ ಕಡಿಮೆ. ಆ ಕೊಬ್ಬನ್ನು ನಾವು ಕ್ರೀಮು ಹಾಕಿ ತುಂಬಿಸಿದರೆ ಆಯಿತು.

ಎಲ್ಲ ನಿಂತಿರುವುದು ಹಾಲಿನ ಮೇಲೆ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ 3, ಶುಭಂನಲ್ಲಿ 4.5, ಸಮೃದ್ಧಿಯಲ್ಲಿ 6. ಈ ಕೆಲಸಕ್ಕೆ ಸಮೃದ್ಧಿ ತನ್ನಿ. ಗೌಳಿಗರು ಎಮ್ಮೆ ಹಾಲು ಹಾಕುವ ಓಣಿಯಲ್ಲಿ ನೀವಿದ್ದರೆ ಇನ್ನೂ ಚಲೋ. ಧಾರವಾಡಿ ಎಮ್ಮೆಯ ಹಾಲಿನ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ ಇರುತ್ತದೆ. ಒಂದು ಲೀಟರ್ ಇಂಥ ಮೊಸರಿಗೆ ನನಗೆ ಸುಮಾರು 400 ಗ್ರಾಂ ಚಕ್ಕಾ ಸಿಗುತ್ತದೆ. ಅಷ್ಟೇ ತೂಕದ ಕ್ರೀಮ್ ಚೀಸಿಗೆ ಹೋಲಿಸಿದರೆ ಖರ್ಚು ನಾಲ್ಕೈದು ಪಟ್ಟು ಕಡಿಮೆ.

ಮೊಸರು ಹುಳಿ ಬರುವ ಮುಂಚೆ ಕಟ್ಟಬೇಕು, ಇದು ಮುಖ್ಯ. ಚಳಿಗಾಲದಲ್ಲಿ ರಾತ್ರಿ ಹೆಪ್ಪು ಹಾಕಿ, ಬೆಳಿಗ್ಗೆ ಹಳೆಯ ಮೆತ್ತನೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ನಳಕ್ಕೆ ತೂಗುಹಾಕಬಹುದು. ಬೇಸಿಗೆಯಲ್ಲಿ ನಳಕ್ಕೆ ಕಟ್ಟಬೇಡಿ. ಮೂರು ತಾಸಿಗೆ ಹುಳಿ ಏರಿಬಿಡುತ್ತದೆ. ಜರಡಿಯ ಮೇಲೆ ಅರಿವೆ ಹಾಸಿ, ಮೊಸರು ಸುರಿದು, ಕೆಳಗೆ ಬೋಗುಣಿ ಇಟ್ಟು ಇಡಿಯಾಗಿ ಫ್ರಿಜ್ ಒಳಗೆ ಸೇರಿಸಿ. ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಬೇಳೆಯ ಡಬ್ಬಿ ಭಾರಕ್ಕೆ. ಹತ್ತು-ಹನ್ನೆರಡು ತಾಸು. ಸರಿಯಾಗಿ ಇಳಿದಿದೆಯೋ ಇಲ್ಲವೋ ಅನ್ನುವುದನ್ನು ಅರಿವೆ ಹೇಳುತ್ತದೆ. ಗಂಟು ಬಿಚ್ಚಿ ಒಂದು ಮೂಲೆ ಹಿಡಿದು ಎಳೆದರೆ ಚಕ್ಕಾ ಅರಿವೆಗೆ ಅಂಟಿಕೊಳ್ಳದೆ, ಅದರ ನೆಯ್ಗೆಯ ಗುರುತು ಮೈಮೇಲೆ ಹೊತ್ತು, ಉಂಡೆಯಾಗಿ ಬಿಟ್ಟುಬರಬೇಕು. ಅರಿವೆಯ ಮೇಲೆ ಇನ್ನೂ ಲೇಪ ಉಳಿದಿದ್ದರೆ ಮತ್ತೆ ಎರಡು ತಾಸು ಇಡಿ. ಬೋಗುಣಿಯಲ್ಲಿ ಇಳಿದ ತಿಳಿನೀರು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿದರೆ ಚಪಾತಿ ಮೆತ್ತಗೆ ಬರುತ್ತವೆ.

ನನ್ನ ಅಳತೆ ಹೀಗಿದೆ. 400 ಗ್ರಾಂ ಚಕ್ಕಾ, 200 ಮಿಲಿ ಕ್ರೀಮು, 100 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು. ಇಲ್ಲಿ ಶೇಕಡಾ 25ರ ಸಾದಾ ಕ್ರೀಮೇ ನಡೆಯುತ್ತದೆ, ನೊರೆ ಬರಿಸುವ ಗೋಜಿಲ್ಲ. ಚಕ್ಕಾವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತಿಕ್ಕಿ ಸೋಸಿ. ಮಿಕ್ಸರಿಗೆ ಹಾಕಿದರೆ ತೆಳ್ಳಗಾಗುತ್ತದೆ. ಹಿಡಿದು ನಿಲ್ಲಿಸಲು 5 ಗ್ರಾಂ ಚೈನಾ ಗ್ರಾಸ್ ಎಳೆ, 150 ಮಿಲಿ ನೀರು.

ಈ ಚೈನಾ ಗ್ರಾಸ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲರ ಕೆಡುಕು ಇಲ್ಲೇ. ಇದು ಸಮುದ್ರದ ಪಾಚಿಯಿಂದ ಮಾಡಿದ್ದು, ಪೂರ್ತಿ ಶಾಖಾಹಾರ. ಅಗರ್ ಅಗರ್ ಅಂತಲೂ ಬರೆದಿರುತ್ತಾರೆ. ಜೆಲಾಟಿನ್ ಬಿಸಿನೀರಿನಲ್ಲಿ ಕರಗುತ್ತದೆ, ತಂಪಿಗೆ ಕಟ್ಟಿಕೊಳ್ಳುತ್ತದೆ, ಸುಮಾರು 35 ಡಿಗ್ರಿಗೆ ಮತ್ತೆ ಕರಗುತ್ತದೆ. ಅಂದರೆ ನಮ್ಮ ಮೇ ತಿಂಗಳ ನಡುಮನೆಯಲ್ಲೇ ಕರಗುತ್ತದೆ. ಚೈನಾ ಗ್ರಾಸ್ ಹಾಗಲ್ಲ. ಕುದಿಸಿದರೆ ಮಾತ್ರ ಕರಗುತ್ತದೆ, 40 ಡಿಗ್ರಿಯ ಆಸುಪಾಸಿನಲ್ಲೇ ಕಟ್ಟಿಕೊಳ್ಳುತ್ತದೆ, ಒಮ್ಮೆ ಕಟ್ಟಿಕೊಂಡ ಮೇಲೆ 85 ಡಿಗ್ರಿ ಆಗುವವರೆಗೆ ಕರಗುವುದಿಲ್ಲ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ. ಕರೆಂಟ್ ಹೋದರೂ ಸಿಹಿ ಕುಸಿಯುವುದಿಲ್ಲ.

ಆದರೆ ಇದು ಬಿಸಿ ಇರುವಾಗಲೇ ಕೆಲಸ ಮುಗಿಸಬೇಕು. ಫ್ರಿಜ್‌ನಿಂದ ತೆಗೆದ ಚಕ್ಕಾಕ್ಕೆ ಬಿಸಿ ಚೈನಾ ಗ್ರಾಸ್ ಸುರಿದರೆ, ತಾಗಿದ ಕೂಡಲೇ ಅದು ದಾರದ ಹಾಗೆ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ. ತಿನ್ನುವಾಗ ಹಲ್ಲಿಗೆ ಸಿಗುತ್ತದೆ. ಅದಕ್ಕೆ ಚಕ್ಕಾವನ್ನು ಒಂದು ತಾಸು ಮುಂಚೆ ಹೊರಗಿಡಿ. ಕ್ರೀಮನ್ನು ಬೆರಳು ಬೆಚ್ಚಗಾಗುವಷ್ಟು ಕಾಯಿಸಿ. ಚೈನಾ ಗ್ರಾಸನ್ನು ಅರ್ಧ ತಾಸು ನೆನೆಸಿ, ಒಂದೂ ಎಳೆ ಕಾಣದ ಹಾಗೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಆಮೇಲೆ ಆ ಬಿಸಿ ನೀರಿಗೆ ಕ್ರೀಮು ಬೆರೆಸಿ, ಅದಕ್ಕೆ ಒಂದು ಸೌಟು ಚಕ್ಕಾ ಕದಡಿ, ಕೊನೆಗೆ ಎಲ್ಲವನ್ನೂ ಉಳಿದ ಚಕ್ಕಾಕ್ಕೆ ಕೈ ಬಿಡದೆ ತಿರುವುತ್ತಾ ಸೇರಿಸಿ. ತಕ್ಷಣ ಟಿನ್ನಿಗೆ. ಫೋನ್ ಬಂದರೂ ಎತ್ತಬೇಡಿ.

ಕೊರತೆಯನ್ನೂ ಹೇಳಬೇಕು ಅಲ್ವಾ. ಕ್ರೀಮ್ ಚೀಸಿನದು ಬಾಯಲ್ಲಿ ಕರಗುತ್ತದೆ, ಇದು ಮೆತ್ತಗೆ ಮುರಿಯುತ್ತದೆ. ಚೈನಾ ಗ್ರಾಸ್ ಒಂದು ಗ್ರಾಂ ಜಾಸ್ತಿ ಆದರೂ ರಬ್ಬರ್ ಆಗುತ್ತದೆ. ಎರಡನೇ ದಿನ ತಟ್ಟೆಯಲ್ಲಿ ಸ್ವಲ್ಪ ನೀರು ಬಿಡುತ್ತದೆ, ಹಾಗಾಗಿ ಹಿಂದಿನ ರಾತ್ರಿ ಮಾಡಿ ಮರುದಿನ ಮುಗಿಸಿ. ಹುಳಿ ಒಲ್ಲದ ಸಣ್ಣ ಮಕ್ಕಳಿಗೆ ಮೊದಲ ಚಮಚ ಹಿಡಿಸುವುದಿಲ್ಲ, ಮೇಲೆ ಮಾವಿನ ರಸ ಹಾಕಿದರೆ ತಿನ್ನುತ್ತವೆ. ಇಷ್ಟಿದ್ದರೂ ಬೇಸಿಗೆಯಲ್ಲಿ ಕತ್ತರಿಸಿ ಕೊಡುವ ಸಿಹಿ ಬೇಕು ಅಂದರೆ ನಾನು ಇದನ್ನೇ ಹೇಳುವುದು. ಸಕ್ಕರೆ ನಿಮ್ಮ ಕೈಯಲ್ಲಿರುತ್ತದೆ, ಹಿರಿಯರಿಗೆ ಅಂತ 60 ಗ್ರಾಂಗೆ ಇಳಿಸಿದರೂ ರುಚಿ ಕೆಡದು. ಗದಗಿನ ಅಕ್ಕನಿಗೂ ಇದನ್ನೇ ಹೇಳಿದೆ.

ಕೆಲವರು ಪನೀರ್ ರುಬ್ಬಿ ಹಾಕುತ್ತಾರೆ. ಮನೆಯಲ್ಲಿ ಒಡೆದ ಬಿಸಿ ಮೆತ್ತನೆಯ ಪನೀರ್ ಆದರೆ ಪರವಾಗಿಲ್ಲ. ಅಂಗಡಿಯ ಗಟ್ಟಿ ಪನೀರ್ ಎಷ್ಟು ರುಬ್ಬಿದರೂ ನಾಲಿಗೆಗೆ ರವೆ ರವೆ. ಚಕ್ಕಾ ಸ್ವಲ್ಪ ಕಡಿಮೆ ಬಿದ್ದಾಗ ಕಾಲು ಭಾಗ ಸೇರಿಸಲು ಸರಿ, ಪೂರ್ತಿ ಅದರ ಮೇಲೇ ನೆಚ್ಚಬೇಡಿ.

ತಳಕ್ಕೆ ಏನು?

ಚೀಸ್‌ಕೇಕ್ ಯಾವುದೇ ಇರಲಿ, ತಳ ಬೇಕು. ಡೈಜೆಸ್ಟಿವ್ ಬಿಸ್ಕತ್ತು ಚಲೋ, ಆದರೆ ಮಾರಿ ಬಿಸ್ಕತ್ತು ಸೋವಿ, ಎಲ್ಲ ಕಡೆ ಸಿಗುತ್ತದೆ. ಮಾರಿ ಒಣಕಲು, 150 ಗ್ರಾಂಗೆ 75 ಗ್ರಾಂ ಬೆಣ್ಣೆ ಕುಡಿಯುತ್ತದೆ. ನಮ್ಮ ಬೇಕರಿಗಳ ನಾನ್‌ಖಟಾಯಿ ತಂದು ಪುಡಿ ಮಾಡಿದರೆ 30 ಗ್ರಾಂ ಸಾಕು, ಅದರಲ್ಲೇ ತುಪ್ಪ ಇಲ್ಲವೇ ಡಾಲ್ಡಾ ಇರುತ್ತದೆ. ರುಚಿಯೂ ಒಂದು ಕೈ ಮೇಲು. ಮನೆಯಲ್ಲಿ ಕಡೆದ ಬೆಣ್ಣೆ ಹಾಕಬೇಡಿ, ಅದರಲ್ಲಿ ನೀರಿನ ಅಂಶ ಜಾಸ್ತಿ, ತಳ ಮೆತ್ತಗಾಗಿ ತುಂಡಿನ ಜೊತೆ ಏಳುವುದಿಲ್ಲ. ಆ ಬೆಣ್ಣೆಯನ್ನು ತುಪ್ಪ ಕಾಯಿಸಿ ಹಾಕಿ. ಕಡು ಬಿಸಿಲಿನ ದಿನ ಎರಡು ಚಮಚ ಕರಗಿಸಿದ ಡಾರ್ಕ್ ಚಾಕೊಲೇಟ್ ಸೇರಿಸಿದರೆ ತಳ ಇನ್ನೂ ಗಟ್ಟಿ ನಿಲ್ಲುತ್ತದೆ.

ಧಾರವಾಡ ಫೇಡಾ ಪುಡಿ ಮಾಡಿ ತಳಕ್ಕೆ ಒತ್ತಬಹುದಾ ಅಂತ ಕೇಳುತ್ತಾರೆ. ಒತ್ತಬಹುದು, ಬೆಣ್ಣೆಯೇ ಬೇಡ. ಹುರಿದ ಖೋವಾದ ಆ ಕಂದು ರುಚಿ ಹುಳಿ ಚಕ್ಕಾದ ಕೆಳಗೆ ಬಹಳ ಚಂದ ಕೂರುತ್ತದೆ. ಆದರೆ ಫೇಡಾ ಮೊದಲೇ ಸಿಹಿ, ಮೇಲಿನ ಸಕ್ಕರೆ ಅರ್ಧಕ್ಕೆ ಇಳಿಸಬೇಕು. ಬಿಸ್ಕತ್ತಿನ ಹಾಗೆ ಕರಕರ ಅನ್ನುವುದಿಲ್ಲ. ನಾನು ಅರ್ಧ ಫೇಡಾ, ಅರ್ಧ ಮಾರಿ ಹಾಕುತ್ತೇನೆ.

ಪನ್ನಾ ಕೋಟಾ

ಇಟಲಿಯ ಪಿಯೆಮೊಂಟ್ ಕಡೆಯ ಸಿಹಿ. ಹೆಸರಿನ ಅರ್ಥ ಬೇಯಿಸಿದ ಕೆನೆ ಅಂತ. ಮಾಡುವುದೂ ಅಷ್ಟೇ ಸರಳ: ಹಾಲು, ಕ್ರೀಮು, ಸಕ್ಕರೆ ಕಾಯಿಸಿ, ಕಟ್ಟುವ ಪದಾರ್ಥ ಬೆರೆಸಿ, ವಾಟಿಗಳಿಗೆ ಸುರಿದು ಫ್ರಿಜ್‌ಗೆ. ತಳ ಇಲ್ಲ, ಕಡೆಯುವುದಿಲ್ಲ, ಕೈಯಲ್ಲಿ ಹಿಡಿದ ಕೆಲಸ ಇಪ್ಪತ್ತು ನಿಮಿಷ. ಹೊಸದಾಗಿ ಕಲಿಯುವವರು ಇಲ್ಲಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ.

ಮೂಲದಲ್ಲಿ ಹಾಕುವುದು ಜೆಲಾಟಿನ್. ಚೈನಾ ಗ್ರಾಸ್ ಹಾಕಿದರೆ ಆ ನಡುಗುವ ಮೃದುತ್ವ ಪೂರ್ತಿ ಬರುವುದಿಲ್ಲ. ಅಳತೆ ಕಡಿಮೆ ಮಾಡಿ ಹತ್ತಿರ ಹೋಗಬಹುದು. 500 ಮಿಲಿಗೆ 2 ಗ್ರಾಂ ಪುಡಿ ಸಾಕು. ಪುಡಿಯ ಬಲ ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಬೇರೆ ಇರುತ್ತದೆ, ಅದಕ್ಕೆ ಒಂದು ಸಣ್ಣ ಬಶಿ ಫ್ರೀಜರಿನಲ್ಲಿ ಇಟ್ಟುಕೊಳ್ಳಿ. ಕುದಿಸಿದ ಮಿಶ್ರಣ ಒಂದು ಚಮಚ ಅದರ ಮೇಲೆ ಹಾಕಿ ಎರಡು ನಿಮಿಷ ಬಿಡಿ. ಬೆರಳಿನಿಂದ ದೂಡಿದರೆ ನಡುಗಬೇಕು, ಪುಟಿಯಬಾರದು. ಪುಟಿದರೆ ಹಾಲು ಸೇರಿಸಿ. ಹರಿದರೆ ಇನ್ನೊಂದು ಚಿಟಿಕೆ ಪುಡಿ ಹಾಕಿ ಮತ್ತೆ ಕುದಿಸಿ. ಟಿನ್ನಿಗೆ ಸುರಿದ ಮೇಲೆ ತಿದ್ದಲು ಆಗದು, ಇಲ್ಲಿ ಆಗುತ್ತದೆ.

ಇದರಲ್ಲಿ ಹುಳಿ ಇಲ್ಲ, ಮಕ್ಕಳಿಗೂ ಹಲ್ಲಿಲ್ಲದ ಅಜ್ಜಿಗೂ ಹಿಡಿಸುತ್ತದೆ. ಏಲಕ್ಕಿ, ಕೇಸರಿ ಹಾಕಿದರೆ ನಮ್ಮ ಬಾಸುಂದಿಯ ನೆನಪು ತರುತ್ತದೆ. ಕೆನೆಯ ರುಚಿ ಒಂದೇ ಆದ್ದರಿಂದ ಮೇಲೆ ಹುಳಿ ಇರುವ ಹಣ್ಣು ಬೇಕೇ ಬೇಕು, ಇಲ್ಲದಿದ್ದರೆ ಮೂರನೇ ಚಮಚಕ್ಕೆ ಸಾಕು ಅನ್ನಿಸುತ್ತದೆ.

ಕಸ್ಟರ್ಡ್ ಪುಡ್ಡಿಂಗ್

ಹಾವೇರಿಯ ಸೋದರತ್ತೆಯ ಸೊಸೆಗೆ ಹೇಳಿದ್ದು ಇದು. ಇಪ್ಪತ್ತು ಮಂದಿ, ಸಣ್ಣ ಫ್ರಿಜ್, ಸಣ್ಣ ಬಜೆಟ್. ಎರಡು ಲೀಟರ್ ಹಾಲು, ಕಸ್ಟರ್ಡ್ ಪುಡಿ, ಸಕ್ಕರೆ, ಎರಡು ಪ್ಯಾಕೆಟ್ ಬಿಸ್ಕತ್ತು, ಬಾಳೆಹಣ್ಣು, ದಾಳಿಂಬೆ. ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಒಂದು ಪದರ ಬಿಸ್ಕತ್ತು, ಒಂದು ಪದರ ಕಸ್ಟರ್ಡ್, ಹೀಗೆ ಮೇಲೆ ಮೇಲೆ. ಎತ್ತರದ ಡಬ್ಬಿ ಫ್ರಿಜ್‌ನಲ್ಲಿ ಕಡಿಮೆ ಜಾಗ ಹಿಡಿಯುತ್ತದೆ.

ಕಸ್ಟರ್ಡ್ ಪುಡಿಯಲ್ಲಿ ಮೊಟ್ಟೆ ಇದೆಯಾ ಅಂತ ಕೆಲವು ಮನೆಗಳಲ್ಲಿ ಈಗಲೂ ಅನುಮಾನ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬಾತ ಇದನ್ನು ಮಾಡಿದ್ದೇ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ ಅಂತ. ಇದು ಮೆಕ್ಕೆಜೋಳದ ಹಿಟ್ಟು, ಬಣ್ಣ, ಪರಿಮಳ, ಅಷ್ಟೇ. ಪ್ಯಾಕೆಟ್ ಮೇಲೆ ಹಸಿರು ಗುರುತು ನೋಡಿಕೊಳ್ಳಿ, ಸಮಾಧಾನ.

ಪ್ಯಾಕೆಟ್‌ನಲ್ಲಿ ಹೇಳಿದ್ದಕ್ಕಿಂತ ಕಾಲು ಭಾಗ ಜಾಸ್ತಿ ಪುಡಿ ಹಾಕಿ, ಕುದಿ ಬಂದ ಮೇಲೂ ಎರಡು ನಿಮಿಷ ಬೇಯಿಸಿ. ಹಸಿಹಿಟ್ಟಿನ ವಾಸನೆ ಹೋಗುವುದೂ, ಸರಿಯಾಗಿ ಗಟ್ಟಿಯಾಗುವುದೂ ಆ ಎರಡು ನಿಮಿಷದಲ್ಲಿ. ಇಳಿಸಿದ ಮೇಲೆ ಒಂದು ವಾಟಿ ಚಕ್ಕಾ ಇಲ್ಲವೇ ಕ್ರೀಮು ಕದಡಿದರೆ ಬರೀ ಕಸ್ಟರ್ಡ್ ಅಂತ ಯಾರೂ ಹೇಳುವುದಿಲ್ಲ. ಚಕ್ಕಾ ಹಾಕುವುದಾದರೆ ಪೂರ್ತಿ ಆರಿದ ಮೇಲೆ ಹಾಕಿ, ಬಿಸಿಗೆ ಒಡೆಯುತ್ತದೆ. ಇದನ್ನು ಕತ್ತರಿಸಲು ಹೋಗಬೇಡಿ. ಚಮಚದ ಸಿಹಿ ಇದು.

ಮೂಸ್ ಮತ್ತು ಬೇಕರಿಯ ವಿಪ್ ಟಾಪಿಂಗ್

ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ವಿಪ್ ಟಾಪಿಂಗ್ ತಾಳೆ ಮುಂತಾದ ಸಸ್ಯದ ಕೊಬ್ಬಿನಿಂದ ಮಾಡಿದ್ದು. ಬೇಗ ಉಬ್ಬುತ್ತದೆ, ಬಿಸಿಲಿಗೆ ಹೆದರುವುದಿಲ್ಲ, ಡೇರಿ ಕ್ರೀಮಿಗಿಂತ ಕಡಿಮೆ ಬೆಲೆ. ಅದಕ್ಕೆ ಮಾವಿನ ರಸ ಬೆರೆಸಿದರೆ ಹತ್ತು ನಿಮಿಷದಲ್ಲಿ ಮೂಸ್, ಅಂದರೆ ನೊರೆಯಂಥ ಹಗುರ ಸಿಹಿ. ಆದರೆ ತಿಂದ ಮೇಲೆ ಅಂಗುಳಿಗೆ ಎಣ್ಣೆಯ ಪರೆ ಅಂಟಿಕೊಂಡ ಹಾಗೆ ಇರುತ್ತದೆ. ಸಕ್ಕರೆ ಮೊದಲೇ ಹಾಕಿರುತ್ತಾರೆ, ಕಡಿಮೆ ಮಾಡಲು ಬರುವುದಿಲ್ಲ. ಎಮ್ಮೆ ಹಾಲಿನ ಊರಿನಲ್ಲಿ ಇದ್ದುಕೊಂಡು ಇದನ್ನು ತಿನ್ನಲು ನನಗೆ ಮನಸ್ಸಾಗುವುದಿಲ್ಲ. ಮೇಲೆ ಹೂವು ಬಿಡಿಸಲು ಮಾತ್ರ ಬಳಸಿ.

ಗ್ಲಾಸಿನ ಶ್ರೀಖಂಡ

ಒಂದೇ ತಾಸು ಇದೆ, ಮಂದಿ ಬಂದೇಬಿಟ್ಟರು ಅಂದಾಗ? ಅಂಗಡಿಯಿಂದಲೇ ಶ್ರೀಖಂಡದ ಡಬ್ಬಿ, ಗಟ್ಟಿ ಚಕ್ಕಾ ತಂದು, ಎರಡನ್ನೂ ಸಮಸಮ ಬೆರೆಸಿ ಸಿಹಿ ಇಳಿಸಿ. ಗ್ಲಾಸಿನ ತಳಕ್ಕೆ ನಾನ್‌ಖಟಾಯಿ ಪುಡಿ, ಮೇಲೆ ಇದು, ಅದರ ಮೇಲೆ ಆಪೂಸಿನ ಹೋಳು. ಕಟ್ಟುವ ಪದಾರ್ಥ ಬೇಡ, ಒಲೆ ಬೇಡ. ತಿಂದವರು ಚೀಸ್‌ಕೇಕ್ ಅಂತಲೇ ಅನ್ನುತ್ತಾರೆ. ಹುಟ್ಟಿದ ಹಬ್ಬದ ಮನೆಯಲ್ಲಿ ಮೇಣದಬತ್ತಿಗೆ ಒಂದು ಸಣ್ಣ ಕೇಕ್ ತಂದು, ಉಳಿದವರಿಗೆಲ್ಲ ಈ ಗ್ಲಾಸು ಕೊಟ್ಟರೆ ಆಯಿತು. ನಮ್ಮ ಓಣಿಯ ಆ ತಂಗಿಗೆ ಹೇಳಿದ್ದು ಹೀಗೆ, ಅವಳು ಕೆಲಸಕ್ಕೆ ಹೋಗುವವಳು, ರಾತ್ರಿಯೆಲ್ಲ ಮೊಸರು ಕಾಯಲು ಆಗದು.

ಹಣ್ಣು

ಕಲಘಟಗಿ, ಧಾರವಾಡದ ಕಡೆಯ ಆಪೂಸು ಏಪ್ರಿಲ್ ಕೊನೆಗೆ ಮಾರುಕಟ್ಟೆ ತುಂಬುತ್ತದೆ. ಅದು ಇರುವಾಗ ಡಬ್ಬಿಯ ರಸ ಯಾಕೆ? ಸೀಕರಣೆಗೆ ಹಿಂಡಿದ ಹಾಗೆ ಹಿಂಡಿ, ಸೋಸಿ, ಮೇಲೆ ಸುರಿಯಿರಿ. ಮಾವಿನ ರಸವನ್ನು ಚೈನಾ ಗ್ರಾಸ್ ಜೊತೆ ಕುದಿಸಬೇಡಿ, ಹುಳಿಯಲ್ಲಿ ಕುದಿದರೆ ಅದರ ಬಲ ಹೋಗುತ್ತದೆ. ನೀರಿನಲ್ಲಿ ಕುದಿಸಿ ಆಮೇಲೆ ರಸ ಬೆರೆಸಿ.

ಅನಾನಸ್, ಪಪ್ಪಾಯಿ, ಕಿವಿ ಮೂರನ್ನೂ ಹಸಿಯಾಗಿ ಹಾಕಬೇಡಿ. ಅವುಗಳಲ್ಲಿ ಪ್ರೋಟೀನು ಒಡೆಯುವ ಕಿಣ್ವ ಇದೆ. ಜೆಲಾಟಿನ್ ಕಟ್ಟಿಕೊಳ್ಳುವುದೇ ಇಲ್ಲ. ಚೈನಾ ಗ್ರಾಸಿಗೆ ಏನೂ ಆಗದಿದ್ದರೂ ಹಾಲು, ಚಕ್ಕಾ ಕಹಿಯಾಗುತ್ತವೆ. ಅನಾನಸ್ ಬೇಕೇ ಬೇಕು ಅಂದರೆ ಸಕ್ಕರೆ ಹಾಕಿ ಹತ್ತು ನಿಮಿಷ ಬೇಯಿಸಿ, ಆ ಕಿಣ್ವ ಸಾಯುತ್ತದೆ.

ಕರೆಂಟ್ ಹೋದರೆ, ಊರಿಗೆ ಒಯ್ಯುವುದಾದರೆ

ಕರೆಂಟ್ ಹೋದ ಕೂಡಲೇ ಫ್ರಿಜ್ ಬಾಗಿಲು ತೆಗೆದು ನೋಡುವ ಅಭ್ಯಾಸ ನಮಗೆಲ್ಲ ಇದೆ. ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಹೊರಗೆ ಇಟ್ಟ ಹಾಲಿನ ಸಿಹಿ ಎರಡು ತಾಸಿಗಿಂತ ಹೆಚ್ಚು ಇಡಬಾರದು, 32 ಡಿಗ್ರಿ ದಾಟಿದ ದಿನ ಒಂದೇ ತಾಸು. ಚೈನಾ ಗ್ರಾಸ್ ಹಾಕಿದ್ದು ನೋಡಲು ಗಟ್ಟಿ ನಿಂತಿರುತ್ತದೆ, ಆದರೆ ಒಳಗಿನ ಹಾಲು ಕೆಡುವುದು ನಿಲ್ಲುವುದಿಲ್ಲ. ಆಕಾರ ನೋಡಿ ಮೋಸ ಹೋಗಬೇಡಿ, ವಿಶೇಷವಾಗಿ ಮಕ್ಕಳಿಗೆ ಕೊಡುವಾಗ.

ಧಾರವಾಡಕ್ಕೆ ಒಯ್ಯಬೇಕಿದ್ದ ಹುಡುಗಿಗೆ ಕ್ರೀಮ್ ಚೀಸಿನದೇ ಆಸೆ ಇತ್ತು. ಇಪ್ಪತ್ತು ಕಿಲೋಮೀಟರ್, ಮೇ ತಿಂಗಳು. ಚಕ್ಕಾದ್ದು ಮಾಡು, ಟಿನ್ ಬೇಡ, ಮುಚ್ಚಳ ಇರುವ ಆರು ಸಣ್ಣ ಡಬ್ಬಿಗಳಲ್ಲಿ ಹಾಕು ಅಂದೆ. ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಇಟ್ಟು, ಬೆಳಿಗ್ಗೆ ಡಬ್ಬಿಗಳ ನಡುವೆ ಗಟ್ಟಿ ಹೆಪ್ಪುಗಟ್ಟಿದ ನೀರಿನ ಬಾಟಲಿ ಸೇರಿಸಿ, ದಪ್ಪ ಟರ್ಕಿ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಎಸಿ ಇರುತ್ತದೆ, ಕಾಲ ಬಳಿ ಇಡದೆ ತೊಡೆಯ ಮೇಲೆ ಇಟ್ಟುಕೊಂಡು ಹೋದಳು. ಮಾವಿನ ರಸ ಮಾತ್ರ ಬೇರೆ ಬಾಟಲಿಯಲ್ಲಿ ಒಯ್ದು, ಮನೆ ಮುಟ್ಟಿದ ಮೇಲೆ ಸುರಿದಳು. "ಅಕ್ಕಾರ, ಒಂದೂ ಅಲುಗಾಡಿಲ್ರಿ" ಅಂತ ಮಧ್ಯಾಹ್ನ ಫೋನ್ ಬಂತು. ಹಿಂದೆ ಅವಳ ಅವ್ವ ಇನ್ನೊಂದು ಡಬ್ಬಿ ಯಾರಿಗೆ ಅಂತ ಕೇಳುತ್ತಿದ್ದರು.